ಡಾಕ್ಟ್ರಮ್ಮನ ಪಾಲಿನ ತುಂಡು

ನಿಬಿಯಾ ಸರಸೂವಾಗೆ ದನದ ಕೊಂಬಿನ ಭಯವಿರಲಿಲ್ಲ, ಒದೆತದ ಭಯವಿರಲಿಲ್ಲ. ಒದೆಯುವ ದನಕ್ಕಿಂತ ಜೋರಾಗಿ ಒದರುವ ದನದ ಯಜಮಾನರ ಭಯವಂತೂ ಮೊದಲೇ ಇರಲಿಲ್ಲ. ಕಡಲಾಚೆಯ ಯುರೋಪಿಗೆ ದನದ ಮಾಂಸ ಕಳಿಸುವ ತಕುಆರೆಂಬೋ ಸೀಮೆಯಲ್ಲಿ ಇಪ್ಪತ್ತು ವರ್ಷದಿಂದ ದನದ ಡಾಕ್ಟರಾಗಿದ್ದ ಆಕೆ ಹೆದರುತ್ತಿದ್ದದ್ದು ಒಂದೇ ಒಂದು ಸೀಸೆಗೆ. ಹಾಲಿನಷ್ಟು ಬೆಳ್ಳಗಿನ, ಅಲ್ಲಾಡಿಸಿದರೆ ನೊರೆಯೇಳುವ, ಆ ಸೀಮೆಯ ಪ್ರತಿಯೊಂದು ಮನೆಯ ಫ್ರಿಜ್ಜಿನಲ್ಲೂ ಬೆಣ್ಣೆಯ ಪಕ್ಕದಲ್ಲೇ ಮನೆಯವರಂತೆ ಕೂತಿರುವ ಪೆನಿಸಿಲಿನ್ ಸೀಸೆಗೆ.

ವರ್ಷಾನುಗಟ್ಟಲೆ ಅದನ್ನು ಚುಚ್ಚಿ, ಚೆಲ್ಲಿ, ಕೈಗೆಲ್ಲ ಮೆತ್ತಿಸಿಕೊಂಡು ಓಡಾಡಿದ್ದಳು. ಒಂದು ದಿನ ಹೋರಿಯೊಂದು ತಲೆ ಕೊಡವಿದ ಏಟಿಗೆ ಸೂಜಿ ಬಂದು ಅವಳ ಹೆಬ್ಬೆರಳಿಗೇ ನಾಟಿತು. ಮೈಯೆಲ್ಲ ದದ್ದು, ಗಂಟಲು ಗಂಟು. ಆಸ್ಪತ್ರೆಯ ಡಾಕ್ಟರು ಅವಳನ್ನು ಉಳಿಸಿದರು. ಉಳಿಸಿದ ಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತು, "ನೋಡಿ, ಇದು ಇನ್ನೊಂದ್ಸಲ ನಿಮ್ಮ ಮೈಗೆ ಸೇರಿದ್ರೆ, ನನ್ ಹತ್ರ ಬರೋಷ್ಟ್ರಲ್ಲಿ ನಂಗೆ ಮಾಡೋಕೆ ಏನೂ ಉಳಿದಿರಲ್ಲ" ಎಂದರು.

ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಚುಚ್ಚುಮದ್ದಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಾಗಿ ಆಕೆ ಚುಚ್ಚುಮಾತಿಗೆ ಅಂಜುತ್ತಿದ್ದಳು. ಪೆನಿಸಿಲಿನ್‌ಗೆ ಹೆದರುವ ದನದ ಡಾಕ್ಟರು ಅಂದರೆ ಉಪ್ಪು ಕಂಡರೆ ಓಡುವ ಅಡುಗೆಭಟ್ಟ. ಸುದ್ದಿ ಗೊತ್ತಾದರೆ ಆ ಸೀಮೆಯವರು ಸಾಯುವವರೆಗೂ ನಗುತ್ತಿದ್ದರು, ಮತ್ತು ನಗುನಗುತ್ತಲೇ ಇನ್ನೊಬ್ಬ ಡಾಕ್ಟರನ್ನು ಕರೆಯುತ್ತಿದ್ದರು. ಹಾಗಾಗಿ ಅಂದಿನಿಂದ ಕೈಗೆ ಗವಸು, ಬಾಯಿಗೆ ಬೀಗ. "ಬರೆಯೋದು ನನ್ ಕೆಲಸ, ಚುಚ್ಚೋದು ನಿಮ್ ಕೆಲಸ" ಎಂಬ ಹೊಸ ಕಾನೂನು ತಂದಳು. ಡಾಕ್ಟ್ರಮ್ಮನಿಗೆ ಈಗೀಗ ಜಂಬ ಬಂದಿದೆ ಎಂದು ಜನ ಮಾತಾಡಿಕೊಂಡರು. ಭಯಕ್ಕೆ ಜಂಬದ ಅಂಗಿ ಅಷ್ಟು ಚೆನ್ನಾಗಿ ಒಪ್ಪಿತ್ತು.

ಏಪ್ರಿಲ್ ತಿಂಗಳು, ಕರುಗಳನ್ನು ತಾಯಿಯಿಂದ ಬಿಡಿಸುವ ಕಾಲ. ದೊನ್ ಎಬೆರ್ ಫೋನು ಮಾಡಿ ಕರೆಸಿದ್ದ. ಅವನ ದನಸಾಕಣೆಯ ತೋಟದಮನೆಗೆ ‘ಲಾ ಪೊರ್ಫಿಯಾದಾ’ ಎಂದು ಹೆಸರು, ಹಟಮಾರಿ ಹೆಂಗಸು ಎಂದರ್ಥ. ಹೆಸರು ಮನೆಯದ್ದು, ಗುಣ ಯಜಮಾನನದ್ದು. ಬೇಲಿಯೊಳಗೆ ಕರುಗಳು ತಾಯಂದಿರಿಗಾಗಿ ಕೂಗುತ್ತಿದ್ದವು, ಕೂಗಿನ ನಡುನಡುವೆ ಕೆಮ್ಮುತ್ತಿದ್ದವು.

"ಬಂದ್ರಾ ಡಾಕ್ಟ್ರೇ! ಬನ್ನಿ, ಎಲ್ಲಾದಕ್ಕೂ ಒಂದೇ ಸಲ ಹೊಡೆದುಬಿಡಿ. ಮೇವಲ್ಲಿ ಕಲಸ್ತೀರೋ, ಸೂಜಿಲಿ ಹಾಕಿಸ್ತೀರೋ, ನಿಮ್ಮಿಷ್ಟ."

"ಎಲ್ಲಾದಕ್ಕೂ ಕೆಮ್ಮಾ?"

"ಇವತ್ತು ಕೆಮ್ಮದೇ ಇರೋವು ನಾಳೆ ಕೆಮ್ತವೆ."

"ಹಂಗಾದ್ರೆ ನೀವೂ ಒಂದು ಸೂಜಿ ಹಾಕಿಸ್ಕೊಳ್ಳಿ ದೊನ್ ಎಬೆರ್. ನಾಳೆ ನೀವೂ ಕೆಮ್ಬೋದು."

ಪಕ್ಕದಲ್ಲಿದ್ದ ಮೇಸ್ತ್ರಿ ಒರೋಸ್ಮಾನ್ ಟೊಪ್ಪಿಗೆಯೊಳಗೆ ಮುಖ ಹುದುಗಿಸಿ ನಕ್ಕ. ಅವನು ಆ ಮನೆಯ ದನಗಳನ್ನೂ ಆಳುಗಳನ್ನೂ ಒಟ್ಟಿಗೆ ಮೇಯಿಸುವವನು. ಕುದುರೆ ಹತ್ತಿ ಹತ್ತಿ ಕಾಲು ಬಿಲ್ಲಿನಂತಾಗಿತ್ತು, ಕೈ ಮಾತ್ರ ಸೂಜಿಯಷ್ಟು ನೇರ.

ನಿಬಿಯಾ ಒಳಗೆ ಹೋಗಲಿಲ್ಲ. ಬೇಲಿಗೆ ಮೊಣಕೈ ಊರಿ ಸುಮ್ಮನೆ ನಿಂತಳು. ಮನುಷ್ಯರು ಹತ್ತಿರ ಹೋದರೆ ಕಾಯಿಲೆಯ ಕರುವೂ ಗಟ್ಟಿಮುಟ್ಟಾದಂತೆ ನಟಿಸುತ್ತದೆ. ದೂರ ನಿಂತು ಕಾದರೆ ನಾಟಕ ಬಿಟ್ಟು ನಿಜ ತೋರಿಸುತ್ತದೆ. ಬಾನಿಗೆ ಮೇವು ಸುರಿದಾಗ ಯಾವುದು ಓಡಿ ಬರಲಿಲ್ಲ, ಯಾವುದರ ಕಿವಿ ಜೋತಿದೆ, ಯಾವುದು ಕತ್ತು ಚಾಚಿ ಗಾಳಿಯನ್ನು ಕುಡಿಯುವಂತೆ ಎಳೆಯುತ್ತಿದೆ ಎಂದು ನೋಡಿ, ಅವನ್ನಷ್ಟೇ ಬೇರೆ ಮಾಡಿಸಿ ಜ್ವರ ನೋಡಿಸಿದಳು. ಜ್ವರ ಇದ್ದವಕ್ಕೆ ಮದ್ದು ಬರೆದಳು. ಉಳಿದವಕ್ಕೆ ಒಣ ನೆಲ, ಧೂಳಿಲ್ಲದ ಮೇವು ಮತ್ತು ದಿನಾ ಎರಡು ಹೊತ್ತು ಒರೋಸ್ಮಾನನ ಕಣ್ಣು.

"ಅಷ್ಟೇನಾ?" ದೊನ್ ಎಬೆರ್ ಮುಖ ಸೊಟ್ಟಗೆ ಮಾಡಿದ. "ಇಷ್ಟು ದೂರ ಕರೆಸಿದ್ದಕ್ಕೆ ಇಷ್ಟೇ ಮದ್ದಾ?"

"ಬೇಡದೇ ಇರೋವಾಗೆಲ್ಲಾ ಹಾಕ್ತಾ ಹೋದ್ರೆ, ಬೇಕಾದಾಗ ಅದು ಕೆಲಸ ಮಾಡಲ್ಲ."

"ನನ್ ಅಳಿಯನ ಥರ ಅನ್ನಿ."

ಸೂಜಿ ಹಾಕಿಸಿಕೊಂಡ ಕರುವಿನ ಬೆನ್ನ ಮೇಲೆ ಒರೋಸ್ಮಾನ್ ನೀಲಿ ಬಣ್ಣದ ಕಡ್ಡಿಯಿಂದ ಒಂದೊಂದು ಗೆರೆ ಎಳೆಯುತ್ತ ಹೋದ. ನೀಲಿ ಗೆರೆಯ ದನ ಮಾಂಸದ ಕಾರ್ಖಾನೆಯ ಲಾರಿ ಹತ್ತಬಾರದು. ಮದ್ದು ಮೈಯಿಂದ ಇಳಿದು ಹೋಗುವವರೆಗೆ ಕಾಯಬೇಕು. ಇದನ್ನು ಆ ಸೀಮೆಯಲ್ಲಿ ದೇವರ ಅಪ್ಪಣೆಯಂತೆ ಪಾಲಿಸುತ್ತಿದ್ದರು. ಒಮ್ಮೆ ಯಾರದೋ ಮಾಂಸದಲ್ಲಿ ಮದ್ದು ಉಳಿದಿದೆ ಎಂದು ಯುರೋಪಿನವರು ಇಡೀ ಸರಕನ್ನೇ ವಾಪಸು ಕಳಿಸಿದ್ದರು. ಅಂದಿನಿಂದ ಯುರೋಪಿನವರ ಹೊಟ್ಟೆಯನ್ನು ಕಂಡರೆ ಇವರಿಗೆ ಎಲ್ಲಿಲ್ಲದ ಭಕ್ತಿ.

ಮಧ್ಯಾಹ್ನ ಊಟಕ್ಕೆ ನಿಲ್ಲಲೇಬೇಕಾಯಿತು. ಅಲ್ಲಿ ಬೆಳಿಗ್ಗೆ ‘ಮಾತೆ’ ಎಂಬ ಕಹಿ ಸೊಪ್ಪಿನ ಕಷಾಯ ಕುಡಿಯದೆ ಮಾತೇ ಇಲ್ಲ, ಮಧ್ಯಾಹ್ನ ಬಾಡು ತಿನ್ನದೆ ಬಿಡುಗಡೆಯೇ ಇಲ್ಲ. ಓಂಬು ಮರದ ನೆರಳಲ್ಲಿ ಬೆಳಗಿನಿಂದಲೇ ಸೌದೆ ಉರಿದು ಕೆಂಡವಾಗಿತ್ತು. ಕಂಬಿಯ ಮೇಲೆ ಮಾಂಸ ಚಟಚಟ ಎನ್ನುತ್ತಿತ್ತು. ಒರೋಸ್ಮಾನ್ ಸೊಂಟದ ಚೂರಿ ತೆಗೆದು, ಹಿಂದಿನ ತೊಡೆಯ ಮೆತ್ತನೆಯ ತುಂಡೊಂದನ್ನು ಕೊಯ್ದು, ಹಲಗೆಯ ಮೇಲಿಟ್ಟು ತಂದ.

"ಇದು ಡಾಕ್ಟ್ರಮ್ಮನ ಪಾಲು. ಯಜಮಾನ್ರೂ ಮುಟ್ಟಂಗಿಲ್ಲ."

"ನನ್ ಮನೇಲಿ ನಂಗೇ ಪಾಲಿಲ್ಲ ನೋಡಿ!" ದೊನ್ ಎಬೆರ್ ಪಕ್ಕೆಲುಬು ಕಚ್ಚುತ್ತ ಗೊಣಗಿದ.

ನಿಬಿಯಾ ಹಸಿದಿದ್ದಳು. ಒಂದು ಚೂರು ಬ್ರೆಡ್ಡು, ಒಂದು ಚೂರು ಬಾಡು, ಒಂದು ಗುಟುಕು ವೈನು. ತುಂಡಿನ ಮುಕ್ಕಾಲು ಪಾಲು ಮುಗಿಯುವ ಹೊತ್ತಿಗೆ ಅವಳಿಗೆ ನೆನಪಾಯಿತು. ಹಿಂದಿನ ದಿನ ಒರೋಸ್ಮಾನ್ ಫೋನಿನಲ್ಲಿ ಇನ್ನೂ ಕರು ಹಾಕದ ಒಂದು ಪಡ್ಡೆ ಹಸುವಿನ ಕಾಲಿನ ಫೋಟೋ ಕಳಿಸಿದ್ದ. ಗೊರಸಿನ ಸಂದು ಊದಿ ಕೀವು ತುಂಬಿತ್ತು. ಅವಳು ಪಿಕಪ್ಪು ಓಡಿಸುತ್ತಲೇ ಮಾತಿನಲ್ಲಿ ಉತ್ತರ ಕಳಿಸಿದ್ದಳು. "ಕೊಳೆತ ಗೊರಸು. ಪೆನಿಸಿಲಿನ್ ಹಾಕು, ಗೆರೆ ಎಳಿ, ಕಾರ್ಖಾನೆಗೆ ಕಳಿಸ್ಬೇಡ."

"ಅಂದ್ಹಾಗೆ ಒರೋಸ್ಮಾನ್, ಆ ಕುಂಟು ಪಡ್ಡೆ ಎಲ್ಲಿ? ಹೋಗೋಕ್ ಮುಂಚೆ ಕಾಲು ನೋಡ್ಬಿಡ್ತೀನಿ."

ಒರೋಸ್ಮಾನ್ ಚೂರಿಯ ತುದಿಯಿಂದ ಅವಳ ಹಲಗೆಯನ್ನು ತೋರಿಸಿದ. ಮುಖದ ತುಂಬ ನಗು.

"ಹುಡ್ಕೋದ್ಯಾಕೆ ಡಾಕ್ಟ್ರೇ? ನಿಮ್ ಮುಂದೇ ಇದ್ದಾಳಲ್ಲ."

ಅವಳ ಹಲ್ಲುಗಳು ಅಗಿಯುವುದನ್ನು ನಿಲ್ಲಿಸಿದವು.

"ಬೆಳಿಗ್ಗೆ ಏಳ್ಲೇ ಇಲ್ಲ ಅವ್ಳು," ದೊನ್ ಎಬೆರ್ ಬಾಯಿ ಒರೆಸಿಕೊಂಡ. "ಬಿದ್ದು ಸತ್ತು ಹದ್ದಿಗೆ ಹೋಗೋ ಬದ್ಲು ಒಲೆಗೆ ಬಂದ್ಳು. ಒಳ್ಳೇದ್ನೆಲ್ಲಾ ಯುರೋಪಿಗೆ ಕಳ್ಸಿ ಕುಂಟಿನ ನಾವು ತಿಂತೀವಿ, ಇದೇನ್ ಹೊಸ್ದಾ?"

"ನೀಲಿ ಗೆರೆ ಇತ್ತಲ್ಲ..."

"ಇತ್ತು. ಅದ್ಕೇ ಕಾರ್ಖಾನೆಗೆ ಕಳಿಸ್ಲಿಲ್ಲ. ನೀವು ಹೇಳ್ದಂಗೇ ಮಾಡಿದೀವಿ."

ಗೆರೆ ಇದ್ದದ್ದು ಲಾರಿಗಲ್ಲ, ಲಾರಿಗಲ್ಲದ್ದು ಒಲೆಗೆ. ಅದು ಯುರೋಪಿನ ಹೊಟ್ಟೆಗೆ ಮಾಡಿದ ಕಾನೂನು, ಮನೆಯ ಹೊಟ್ಟೆಗೆ ಕಾನೂನು ಯಾರು ಮಾಡಿದ್ದರು? ನಿಬಿಯಾ ಬಾಯಲ್ಲಿದ್ದದ್ದನ್ನು ಕರವಸ್ತ್ರಕ್ಕೆ ಉಗುಳಿದಳು. ಆದಷ್ಟು ಸಹಜವಾದ ದನಿಯಲ್ಲಿ ಕೇಳಿದಳು.

"ಸೂಜಿ ಎಲ್ಲಿಗೆ ಹಾಕ್ದೆ? ಕುತ್ತಿಗೆಗೆ ತಾನೆ?"

"ಕುತ್ತಿಗೆಗೆ ಹೋದ್ರೆ ತಲೆ ಬೀಸ್ತಾಳೆ. ಹಿಂದಕ್ಕೇ ಹಾಕ್ದೆ. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಒಂದೇ ಕಡೆ ಜಾಸ್ತಿ ಸುರೀಬೇಡ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಹಿಂದಕ್ಕೆ. ಅವಳ ಮುಂದಿದ್ದದ್ದೂ ಹಿಂದೊಡೆಯೇ. ಊಟಕ್ಕೆ ಮದ್ದು ಹಾಕಿದವರು ಅಂತ ಯಾರ ಕಡೆ ಬೆರಳು ತೋರಿಸುವುದು? ಮದ್ದು ಬರೆದವಳು ತಾನೇ.

"ಕೈ ತೊಳ್ಕೊಂಡ್ ಬರ್ತೀನಿ" ಎಂದು ಎದ್ದಳು. ಅಡುಗೆಮನೆಯ ಹಿಂದೆ ಹೋಗಿ, ನೀರಿನ ತೊಟ್ಟಿಯ ಮರೆಗೆ ಕೂತು, ಗಂಟಲಿಗೆ ಬೆರಳು ಹಾಕಿದಳು. ಒಂದಿಷ್ಟು ಬಂತು. ಎಷ್ಟು ಬಂತು, ಎಷ್ಟು ಉಳಿಯಿತು? ಅಂಗೈ ಕಡಿಯುತ್ತಿತ್ತು. ಇದು ಮದ್ದಿನ ಕಡಿತವೋ, ಭಯದ ಕಡಿತವೋ? ಭಯಪಟ್ಟರೆ ಎದೆ ಹೊಡೆದುಕೊಳ್ಳುತ್ತದೆ, ಮದ್ದು ಏರಿದರೂ ಹೊಡೆದುಕೊಳ್ಳುತ್ತದೆ. ಭಯಕ್ಕೆ ಬೆವರು ಬರುತ್ತದೆ, ಅದಕ್ಕೂ ಬರುತ್ತದೆ. ಎರಡೂ ಒಂದೇ ಅಂಗಿ ತೊಟ್ಟು ಬಂದರೆ ಯಾರು ಯಾರೆಂದು ಹೇಗೆ ಗೊತ್ತಾಗಬೇಕು? ಬೆಳಿಗ್ಗೆ ಬೇಲಿಯಾಚೆ ನಿಂತು ಕರುಗಳನ್ನು ನೋಡಿದಂತೆ ತನ್ನನ್ನೇ ದೂರ ನಿಂತು ನೋಡಿಕೊಳ್ಳಲು ಯತ್ನಿಸಿದಳು. ಉಸಿರು? ಬರುತ್ತಿದೆ. ಚರ್ಮ? ತೋಳು ಮೇಲೆತ್ತಿ ನೋಡಿದಳು. ಏನಿಲ್ಲ. ಏನೂ ಇಲ್ಲ, ಬರೀ ಭಯ. ಬೇಯಿಸಿದ ಮೇಲೆ ಅದರಲ್ಲಿ ಏನು ಉಳಿದಿರುತ್ತದೆ? ಸ್ವಲ್ಪ ಹೊತ್ತು ಸುಮ್ಮನಿದ್ದರೆ ಯಾರಿಗೂ ಹೇಳದೆ ಮನೆಗೆ ಹೋಗಬಹುದು.

ಹೀಗೆ ಸಮಾಧಾನ ಹೇಳಿಕೊಳ್ಳುತ್ತಿರುವಾಗಲೇ ಮೊಣಕೈಯ ಒಳಮಡಿಕೆಯಲ್ಲಿ ಒಂದು ಕೆಂಪು ದದ್ದು ಎದ್ದಿತು. ಅವಳ ಕಣ್ಣೆದುರೇ ಅದಕ್ಕೊಂದು ತಂಗಿ ಹುಟ್ಟಿತು. ಆಮೇಲೆ ನಂಟರಿಷ್ಟರೆಲ್ಲ ಬಂದರು.

ಆದರೂ ಅವಳು ಕೂಗಲಿಲ್ಲ. ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡು ಎದ್ದು ನಿಂತಳು. ಜೀವ ಹೋಗುವ ಹೊತ್ತಿನಲ್ಲೂ ಮಾನ ಕಾಯುವ ಕೈ ಅದು. ಗೋಡೆ ಹಿಡಿದು ಓಂಬು ಮರದವರೆಗೆ ನಡೆಯುವಷ್ಟರಲ್ಲಿ ಕೆಳತುಟಿ ಬೇರೆ ಯಾರದೋ ತುಟಿಯಂತೆ ದಪ್ಪಗಾಗಿ ಜೋಲುತ್ತಿತ್ತು.

"ನಂಗೆ... ಪೆನಿಸಿಲಿನ್ ಆಗಲ್ಲ," ಎಂದಳು. "ಮೈಗಾಗಲ್ಲ. ಸಾಯ್ತೀನಿ."

ಅವಳು ಹೆದರಿದ್ದಂತೆಯೇ ಆಯಿತು. ದೊನ್ ಎಬೆರ್ ಗಹಗಹಿಸಿ ನಕ್ಕ. "ಏನ್ ಡಾಕ್ಟ್ರೇ ನೀವು! ಊರಿಗೆಲ್ಲಾ ಅದನ್ನೇ ಬರೀತೀರ..." ಎನ್ನುತ್ತ ತಲೆಯೆತ್ತಿ ಅವಳ ಮುಖ ನೋಡಿದ. ನಗು ಅರ್ಧದಲ್ಲೇ ನಿಂತುಬಿಟ್ಟಿತು. ಅವಳ ಕಣ್ಣುಗಳು ಊದಿ ಗೀರಿನಂತಾಗಿದ್ದವು. ಉಸಿರಿನ ತುದಿಯಲ್ಲಿ ಸಣ್ಣಗೆ ಸಿಳ್ಳೆ ಕೇಳುತ್ತಿತ್ತು.

"ಪಿಕಪ್ಪಲ್ಲಿ... ಕೆಂಪು ಡಬ್ಬಿ. ಅಡ್ರಿನಲಿನ್."

ಲಸಿಕೆ ಹಾಕಿದಾಗ ದನವೇನಾದರೂ ಕುಸಿದುಬಿದ್ದರೆ ಎಬ್ಬಿಸಲು ಇಟ್ಟುಕೊಂಡ ಮದ್ದು ಅದು. ಒರೋಸ್ಮಾನ್ ತಂದು ತೆರೆದಾಗ ಒಳಗೆ ಎರಡೇ ಎರಡು ಸಣ್ಣ ಗಾಜಿನ ಬುಡ್ಡಿ. ಒಂದನ್ನು ನಿಬಿಯಾ ತಾನೇ ಮುರಿಯಲು ಹೋದಳು. ಊದಿದ ಬೆರಳಿಗೆ ಸಿಗದೆ ಅದು ಮಡಿಲಿಗೆ ಜಾರಿತು. ಒರೋಸ್ಮಾನ್ ತೆಗೆದುಕೊಂಡ.

"ಎಷ್ಟು ಹಾಕ್ಲಿ? ಎಷ್ಟು ಕಿಲೋ ಇದೀರಾ ಡಾಕ್ಟ್ರೇ?"

"ಕಿಲೋ ಲೆಕ್ಕ ಬೇಡ ಕಣೋ! ಅರ್ಧ. ಬರೀ ಅರ್ಧ ಎಂಎಲ್."

"ಎಲ್ಲಿಗೆ? ಹಿಂದಕ್ಕಾ?"

"ತೊಡೆಗೆ! ಪಕ್ಕದಿಂದ! ಪ್ಯಾಂಟಿನ ಮೇಲೇ ಹಾಕು. ನಿನ್ ಹಿಂದಕ್ಕಿಷ್ಟು ಬೆಂಕಿ ಬೀಳ..."

ಸೂಜಿ ನಾಟಿತು. ಮೂವತ್ತು ವರ್ಷದ ಅಭ್ಯಾಸ ಬಲದಿಂದ ಒರೋಸ್ಮಾನ್ ಜೇಬಿನಿಂದ ನೀಲಿ ಕಡ್ಡಿ ತೆಗೆದು ಅವಳ ತೋಳಿನ ಮೇಲೆ ಒಂದು ಗೆರೆ ಎಳೆದುಬಿಟ್ಟ. ಆಮೇಲೆ ತಾನು ಮಾಡಿದ್ದೇನೆಂದು ಹೊಳೆದು, ಕಡ್ಡಿಯನ್ನೂ ಅವಳ ಮುಖವನ್ನೂ ನೋಡುತ್ತ ನಿಂತ. ಬೈಯಲು ಅವಳಲ್ಲಿ ಉಸಿರಿರಲಿಲ್ಲ.

ದೊನ್ ಎಬೆರ್ ಆಸ್ಪತ್ರೆಗೆ ಫೋನು ಹಚ್ಚಿದ. ಒರೋಸ್ಮಾನ್ ಅವಳನ್ನು ಎತ್ತಿ ಪಿಕಪ್ಪಿನಲ್ಲಿ ಕೂರಿಸಿ ಹೊರಟ. ಮಣ್ಣಿನ ರಸ್ತೆ, ಗುಂಡಿಗೊಂದು ಕುಲುಕು. ಅಡ್ರಿನಲಿನ್ ಎದೆಯಲ್ಲಿ ಕುದುರೆ ಓಡಿಸುತ್ತಿತ್ತು, ಗಂಟಲು ಮಾತ್ರ ಒಂದೆಳೆ ಸಡಿಲಿತ್ತು. ಈ ಎಳೆ ಎಷ್ಟು ಹೊತ್ತು ಬಾಳುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವರ ಭಯ ಗೊತ್ತಿಲ್ಲದವರ ಭಯಕ್ಕಿಂತ ಉದ್ದ.

"ಮಾತಾಡ್ತಾ ಇರಿ ಡಾಕ್ಟ್ರೇ. ಏನಾರ ಬೈತಾ ಇರಿ."

"ಯಾಕೆ... ಹೇಳ್ಲಿಲ್ಲ... ಅದೇ ಪಡ್ಡೆ ಅಂತ."

"ನೀವ್ ಯಾಕ್ ಹೇಳ್ಲಿಲ್ಲ, ನಿಮಗಾಗಲ್ಲ ಅಂತ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಒರೋಸ್ಮಾನ್ ಬ್ರೇಕು ತುಳಿದಿದ್ದ.

ರಸ್ತೆಯ ಉದ್ದಕ್ಕೂ, ಬೇಲಿಯಿಂದ ಬೇಲಿಗೆ, ದನಗಳು. ಯಾರದೋ ಮಂದೆಯನ್ನು ಇಬ್ಬರು ಕುದುರೆ ಸವಾರರು ಬೇರೆ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಆ ಸೀಮೆಯಲ್ಲಿ ಮಂದೆಗೆ ಯಾರೂ ಹಾರನ್ನು ಹೊಡೆಯುವುದಿಲ್ಲ. ಹೊಡೆದರೆ ದನ ಬೆದರಿ, ಮುಳ್ಳುತಂತಿಗೆ ಬಿದ್ದು, ಎರಡು ಮನೆಗಳ ನಡುವೆ ಮೂರು ತಲೆಮಾರಿನ ಹಗೆ ಹುಟ್ಟುತ್ತದೆ. ಮಂತ್ರಿಯ ಕಾರೂ ಕಾಯಬೇಕು, ಹೆಣದ ಗಾಡಿಯೂ ಕಾಯಬೇಕು. ಒರೋಸ್ಮಾನ್ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಕೂಗಿದ.

"ಅಣ್ಣಾ! ದಾರಿ ಬಿಡ್ಸು! ಡಾಕ್ಟ್ರಮ್ಮಂಗೆ ಉಸಿರು ಹೋಗ್ತಾ ಐತೆ!"

ಹಿಂದಿನ ಸವಾರ ಕೈ ಬೀಸಿದ. ಕುದುರೆ ತಿರುಗಿಸಿ ಮಂದೆಯ ಪಕ್ಕ ಸೇರಿಕೊಂಡ. ಆದರೆ ಮಂದೆ ಅಂದರೆ ಮಂದವೇ. ಒಂದೊಂದೇ ದನ ತಲೆ ತಿರುಗಿಸಿ ಪಿಕಪ್ಪನ್ನು ನೋಡಿತು, ಯೋಚಿಸಿತು, ಎರಡು ಹೆಜ್ಜೆ ಸರಿಯಿತು. ನಿಬಿಯಾ ಕಿಟಕಿಗೆ ತಲೆಯಾನಿಸಿದ್ದಳು. ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ಹೋರಿಯೊಂದು ನಿಂತು ತಣ್ಣಗೆ ಮೆಲುಕು ಹಾಕುತ್ತಿತ್ತು. ಅದರ ಉಸಿರು ಗಾಜಿನ ಮೇಲೆ ಮಂಜಾಗಿ ಕೂತಿತು. ಎಷ್ಟು ದೊಡ್ಡ ಉಸಿರು, ಎಷ್ಟು ಸಲೀಸು! ಅವಳದ್ದು ಮತ್ತೆ ಸಿಳ್ಳೆ ಹೊಡೆಯತೊಡಗಿತ್ತು. ಸಿಳ್ಳೆ ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ ಬಂತು. ಸಿಳ್ಳೆ ಕೇಳುವವರೆಗೆ ಪರವಾಗಿಲ್ಲ, ಅದೂ ನಿಂತರೆ ಮುಗಿಯಿತು ಎಂಬುದು ಅವಳಿಗೆ ಕರುಗಳಿಂದ ಗೊತ್ತಿತ್ತು. ಅವಳು ಎರಡನೆಯ ಬುಡ್ಡಿಯನ್ನು ತೋರಿಸಿದಳು. ಮಾತು ಬರಲಿಲ್ಲ.

"ಅರ್ಧಾನಾ?" ಒರೋಸ್ಮಾನ್ ಬುಡ್ಡಿಯ ಕತ್ತು ಮುರಿಯುತ್ತಲೇ ಕೇಳಿದ.

ಅವಳು ತಲೆಯಾಡಿಸಿದಳು. ಸೂಜಿ ಇನ್ನೊಂದು ತೊಡೆಗೆ ಇಳಿಯಿತು. ಹೊರಗೆ ಸವಾರ ಸಿಳ್ಳೆ ಹಾಕುತ್ತಿದ್ದ, ಒಳಗೆ ಅವಳ ಗಂಟಲು. ಯಾವುದು ಯಾವುದೆಂದು ತಿಳಿಯದಷ್ಟು ಹೊತ್ತು ಕಳೆದ ಮೇಲೆ, ದನಗಳ ನಡುವೆ ಪಿಕಪ್ಪಿನಗಲದ ಮಣ್ಣು ಕಂಡಿತು.

ಡಾಂಬರು ರಸ್ತೆ ಸಿಕ್ಕುವ ಕಡೆ ಆಂಬುಲೆನ್ಸು ಎದುರಾಯಿತು. ಅವಳನ್ನು ಮಲಗಿಸಿ ಮೂಗಿಗೆ ಆಮ್ಲಜನಕ, ಕೈಗೆ ಡ್ರಿಪ್ಪು ಹಾಕಿದರು. "ಏನ್ ತಿಂದ್ರು? ಯಾವ ಔಷಧಿ ಆಗಲ್ಲ ಇವರಿಗೆ?" ಎಂದು ನರ್ಸು ಕೇಳಿದಾಗ ಒರೋಸ್ಮಾನ್ ಅರ್ಧ ಊರಿಗೆ ಕೇಳುವಂತೆ, "ಪೆನಿಸಿಲಿನ್! ನಮ್ ಡಾಕ್ಟ್ರಮ್ಮಂಗೆ ಪೆನಿಸಿಲಿನ್ ಆಗಲ್ಲ!" ಎಂದು ಅರಚಿದ. ಅಷ್ಟು ಕಾಲ ಬಚ್ಚಿಟ್ಟದ್ದು ಹೀಗೆ ಬಟ್ಟಬಯಲಾಯಿತು. ಅವಳಿಗೆ ನಾಚಿಕೆಪಡಲು ಪುರುಸೊತ್ತಿರಲಿಲ್ಲ. ಉಸಿರಾಡುವುದೇ ಕೈತುಂಬ ಕೆಲಸವಾಗಿತ್ತು.

ಸಂಜೆಗೆ ಊತ ಇಳಿಯಿತು. "ರಾತ್ರಿಯೆಲ್ಲಾ ಇಲ್ಲೇ ಇರ್ಬೇಕು. ಇದು ಮತ್ತೆ ತಿರುಗಿ ಬರ್ಬೋದು," ಎಂದು ಡಾಕ್ಟರು ಹೇಳಿ ಹೋದರು. ಮತ್ತೆ ಬರಬಹುದು. ನಿಬಿಯಾ ಕಣ್ಣು ಮುಚ್ಚಲು ಹೆದರಿ ಮೇಲ್ಛಾವಣಿ ನೋಡುತ್ತ ಮಲಗಿದ್ದಳು. ಪ್ರತಿ ಉಸಿರನ್ನೂ ಒಳಗೆ ಕರೆದು, ಕೂರಿಸಿ, ಮಾತಾಡಿಸಿ ಹೊರಗೆ ಕಳಿಸುತ್ತಿದ್ದಳು. ಫೋನು ಗುರುಗುಟ್ಟಿತು. ದೊನ್ ಎಬೆರ್.

"ಡಾಕ್ಟ್ರೇ, ಇದೀರಾ? ದೇವ್ರು ದೊಡ್ಡೋನು. ಪ್ರಾಣವೇ ಬಾಯಿಗೆ ಬಂದಿತ್ತು ನಂಗೆ."

"ನಿಮ್ ಪ್ರಾಣ ಬಾಯಿಗೆ ಬಂತು, ನಂದು ಬಾಯಿಂದ್ಲೇ ಹೋಗ್ತಿತ್ತು," ಎಂದಳು ಕೀರಲು ದನಿಯಲ್ಲಿ. "ಕೇಳಿ ಇಲ್ಲಿ. ನೀಲಿ ಗೆರೆ ಇರೋ ದನಾನ ಯಾರೂ ತಿನ್ನಂಗಿಲ್ಲ. ಕಾರ್ಖಾನೆಗೂ ಇಲ್ಲ, ಮನೆಗೂ ಇಲ್ಲ. ಆಳುಗಳಿಗೂ ಇಲ್ಲ, ನಾಯಿಗೂ ಇಲ್ಲ. ಉಳಿದಿರೋ ಬಾಡನ್ನ ಈಗ್ಲೇ ಹೂತುಹಾಕಿ."

"ಹೂತಾಯ್ತು ಡಾಕ್ಟ್ರೇ, ಮನೇಲಿ ಇದ್ದಿದ್ದೆಲ್ಲಾ."

"ಮನೇಲಿ ಇದ್ದಿದ್ದು ಅಂದ್ರೆ? ಇನ್ನೊಂದು ಹಿಂದೊಡೆ ಎಲ್ಲಿ?"

ಒಂದು ಇಡೀ ದನ ಕೊಯ್ದರೆ ಒಂದೇ ಮನೆಯವರು ತಿಂದು ಮುಗಿಸುವುದಿಲ್ಲ, ಸುತ್ತಲಿನವರಿಗೆ ಪಾಲು ಹೋಗುತ್ತದೆ, ಒಳ್ಳೆಯ ತುಂಡು ಮರ್ಯಾದಸ್ಥರಿಗೆ ಹೋಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಫ್ರಿಜ್ಜಿಗೂ ಎಷ್ಟು ಸಲ ಹಾಗೆ ಬಂದಿರಲಿಲ್ಲ? ಯಾವ ಯಾವ ಗೆರೆ ಇದ್ದದ್ದು ಬಂದಿತ್ತೋ!

"ಶಾಲೆ ಟೀಚರಮ್ಮಂಗೆ ಕಳ್ಸಿದ್ದೆ ಬೆಳಿಗ್ಗೆನೇ," ದೊನ್ ಎಬೆರ್ ಮೆಲ್ಲಗೆ ಹೇಳಿದ. "ಅವ್ರಿಗೇನೂ ಆಗಲ್ಲ ಅಲ್ವಾ ಡಾಕ್ಟ್ರೇ? ಪೆನಿಸಿಲಿನ್ ಆಗದೇ ಇರೋರು ಎಷ್ಟು ಜನ ಇರ್ತಾರೆ? ಅವ್ರಿಗಿದ್ದಿದ್ರೆ ಹೇಳಿರ್ತಿದ್ರು ಬಿಡಿ."

ಹೇಳಿರುತ್ತಿದ್ದರು! ನಿಬಿಯಾ ಡ್ರಿಪ್ಪಿನ ಕೈಯಲ್ಲೇ ನಂಬರು ಹುಡುಕಿದಳು. ಒಂದು ಸಲ ರಿಂಗಾಯಿತು, ಎರಡು ಸಲ ಆಯಿತು. ಅವಳ ಉಸಿರು ಎದೆಯ ಅರ್ಧಕ್ಕೇ ನಿಂತಿತ್ತು. ಈ ಸಲ ಅದು ಮದ್ದಿನಿಂದಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಕೊನೆಗೆ ಯಾರೋ ಎತ್ತಿದರು.

"ಹಲೋ?" ಎಂದ ದನಿ ಏನನ್ನೋ ಅಗಿಯುತ್ತಿತ್ತು.

"ಟೀಚರ್," ಎಂದಳು ನಿಬಿಯಾ, "ಬಾಯಲ್ಲಿರೋದನ್ನ ಮೊದ್ಲು ಉಗೀರಿ."